ದೋಷ ಬೆರಳಿನದೋ, ತಂತಿಯದೋ?

ಮಕ್ಕಳು ವಾದ್ಯವನ್ನು ಕೈಬಿಡುವ ಬಗೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲಿಯೂ ಒಂದೇ. ಮೊದಲ ಕೆಲವು ವಾರ ಶಾಲೆಯಿಂದ ಬಂದ ಕೂಡಲೇ ವಾದ್ಯ ಮಡಿಲಿಗೇರುತ್ತದೆ. ಆಮೇಲೆ "ಅಮ್ಮಾ, ಬೆರಳು ನೋಯುತ್ತದೆ" ಎಂಬ ದೂರು ಆರಂಭವಾಗುತ್ತದೆ. ಕೆಲವು ದಿನಗಳ ನಂತರ ದೂರೂ ನಿಲ್ಲುತ್ತದೆ, ವಾದ್ಯವೂ ನಿಲ್ಲುತ್ತದೆ. ಅದು ಮಂಚದ ಅಡಿಗೋ ಅಟ್ಟಕ್ಕೋ ಸೇರುತ್ತದೆ. "ಇವನಿಗೆ ಸಂಗೀತ ಒಲಿಯಲಿಲ್ಲ" ಎಂದು ಮನೆಯವರು ತೀರ್ಮಾನಿಸುತ್ತಾರೆ. ಮಗುವೂ ಆ ಮಾತನ್ನು ನಂಬುತ್ತದೆ.

ಈ ತೀರ್ಪಿನಲ್ಲಿ ಒಂದು ಲೋಪವಿದೆ. ವಿಚಾರಣೆ ನಡೆದದ್ದು ಮಗುವಿನದು ಮಾತ್ರ; ವಾದ್ಯವನ್ನು ಯಾರೂ ಪರೀಕ್ಷಿಸಲಿಲ್ಲ. ತಂತಿಗಳು ಹಳೆಯವಾಗಿ ತುಕ್ಕು ಹಿಡಿದಿರಬಹುದು. ದಂಡಿ ಬಾಗಿ, ತಂತಿಯು ಮೆಟ್ಟಿಲಿನಿಂದ ನಾಲ್ಕೈದು ಮಿಲಿಮೀಟರ್ ಮೇಲೆದ್ದು, ದೊಡ್ಡವರ ಬೆರಳಿಗೂ ಒತ್ತಲಾಗದ ಸ್ಥಿತಿ ಇರಬಹುದು. ಸರಿಯಾದ ಜಾಗದಲ್ಲಿಯೇ ಒತ್ತಿದರೂ ಶ್ರುತಿ ತಪ್ಪುವಂತೆ ಕುದುರೆ ಜಾರಿರಬಹುದು. ಇಂತಹ ವಾದ್ಯವನ್ನು ನುರಿತ ಕಲಾವಿದನೂ ಚೆನ್ನಾಗಿ ನುಡಿಸಲಾರ. ಹೊಸದಾಗಿ ಕಲಿಯುವ ಮಗು ಮಾತ್ರ ತಪ್ಪು ತನ್ನದೇ ಎಂದುಕೊಳ್ಳುತ್ತದೆ.

ಹರೂರಿನಂತಹ ಊರಿನಲ್ಲಿ ಈ ತೊಂದರೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಮಹಾನಗರದ ಮಗುವಿಗೆ ವಾದ್ಯ ದುರಸ್ತಿ ಮಾಡುವವರು ಒಂದೆರಡು ಬೀದಿಗಳಾಚೆ ಸಿಗಬಹುದು. ಇಲ್ಲಿಯವರು ಸೇಲಂಗೆ ಬಸ್ಸು ಹತ್ತಬೇಕು, ಇಲ್ಲವೇ ಮೊರಪ್ಪೂರಿಗೆ ಹೋಗಿ ರೈಲು ಹಿಡಿಯಬೇಕು. ತಂತಿ ವಾದ್ಯಗಳ ಪರಿಣತರನ್ನು ಹುಡುಕಿ ಕೆಲವೊಮ್ಮೆ ಬೆಂಗಳೂರು ಅಥವಾ ಚೆನ್ನೈವರೆಗೂ ಹೋಗಬೇಕು. ಒಂದು ದಿನದ ಕೂಲಿಯನ್ನೋ ರಜೆಯನ್ನೋ ಇದಕ್ಕಾಗಿ ಕಳೆಯಲು ಯಾವ ಕುಟುಂಬ ತಾನೇ ಮುಂದಾಗುತ್ತದೆ? ಆದ್ದರಿಂದ ತಂತಿ ಬದಲಾಯಿಸುವ ಹಾಗೂ ವಾದ್ಯವನ್ನು ಹದಗೊಳಿಸುವ ವಿದ್ಯೆ ಮನೆಯಲ್ಲಿಯೇ ಇರುವುದು ಲೇಸು. ಅದು ಕಠಿಣವಾದುದಲ್ಲ. ತಾಳ್ಮೆ, ಒಂದು ಅಳತೆಪಟ್ಟಿ, ನಾಲ್ಕಾರು ಚಿಕ್ಕ ಸಲಕರಣೆಗಳು ಮತ್ತು ಒಂದು ಸಂಜೆ ಇದ್ದರೆ ಸಾಕು. ಈ ಲೇಖನದ ವಿಷಯ ಮಕ್ಕಳ ಕೈಗೆ ಒಗ್ಗುವ ಕಿರುಅಳತೆಯ ಬೇಸ್ ಗಿಟಾರ್; ಇಲ್ಲಿನ ಬಹುಪಾಲು ಮಾತುಗಳು ದೊಡ್ಡ ಅಳತೆಯ ಬೇಸ್ ಗಿಟಾರ್‌ಗೂ ಅನ್ವಯಿಸುತ್ತವೆ.

ತಗ್ಗುಸ್ವರದ ವಾದ್ಯ

ಮೇಳದಲ್ಲಿ ಬೇಸ್ ಗಿಟಾರ್ ಎದ್ದು ಕಾಣುವ ವಾದ್ಯವಲ್ಲ. ಅದು ನಿಂತಾಗ ಮಾತ್ರ ಹಾಡಿನ ಅಡಿಪಾಯವೇ ಕುಸಿದಂತಾಗುತ್ತದೆ. ತಮಿಳುನಾಡಿನ ಕನ್ನಡ ಮನೆಗಳಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಇಂದಿನ ತೇನಿ ಜಿಲ್ಲೆಯ ಪಣ್ಣೈಪುರದಲ್ಲಿ ಹುಟ್ಟಿದ ಇಳಯರಾಜ ಅವರು ಶಂಕರ್ ನಾಗ್ ಅವರ 'ಗೀತಾ' (1981) ಮತ್ತು ಮಣಿರತ್ನಂ ಅವರ ಮೊದಲ ಚಿತ್ರವಾದ 'ಪಲ್ಲವಿ ಅನುಪಲ್ಲವಿ' (1983) ಎಂಬ ಕನ್ನಡ ಚಿತ್ರಗಳಿಗೆ ಸಂಗೀತ ನೀಡಿದರು. ಅವರ ಹಾಡುಗಳಲ್ಲಿ ಬೇಸ್ ಗಿಟಾರ್ ಕೇವಲ ತಾಳಕ್ಕೆ ಒತ್ತು ಕೊಡುವ ವಾದ್ಯವಾಗಿ ಉಳಿಯದೆ, ಗಾಯಕನ ಸ್ವರದ ಕೆಳಗೆ ತನ್ನದೇ ಆದ ಇನ್ನೊಂದು ರಾಗಸಂಚಾರವನ್ನು ನಡೆಸುತ್ತದೆ. ರೇಡಿಯೊದಲ್ಲಿ ಆ ಹಾಡುಗಳು ಬಂದಾಗ ಪದಗಳನ್ನು ಬಿಟ್ಟು ಕೆಳಗಿನ ನಾದಕ್ಕೆ ಕಿವಿಗೊಟ್ಟರೆ ಮಕ್ಕಳಿಗೂ ಇದು ತಿಳಿಯುತ್ತದೆ.

ಶಾಲೆಯ ವಾರ್ಷಿಕೋತ್ಸವದಲ್ಲಿ, ನವೆಂಬರ್ 1ರ ಸಮೂಹಗೀತೆಯಲ್ಲಿ, ಕಂಠ ಅಷ್ಟಾಗಿ ಒಲಿಯದ ಅಥವಾ ಮುಂದೆ ನಿಂತು ಹಾಡಲು ನಾಚುವ ಮಗುವಿಗೆ ಈ ವಾದ್ಯ ಒಂದು ಸ್ಥಾನ ಕೊಡುತ್ತದೆ. ಮೂರ್ನಾಲ್ಕು ಸ್ವರಗಳನ್ನು ಕಾಲಕ್ಕೆ ಸರಿಯಾಗಿ ನುಡಿಸಬಲ್ಲ ಮಗು ಇಡೀ ತಂಡವನ್ನು ಹಿಡಿದು ನಿಲ್ಲಿಸಬಲ್ಲದು.

ಈ ವಾದ್ಯಕ್ಕೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಪಾಶ್ಚಾತ್ಯ ಸಂಜ್ಞೆಯಲ್ಲಿ ಅವು ದಪ್ಪದಿಂದ ಸಣ್ಣದಕ್ಕೆ ಕ್ರಮವಾಗಿ ಇ, ಎ, ಡಿ, ಜಿ. ಅತ್ಯಂತ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಎ ತಂತಿ 55, ಡಿ ಸುಮಾರು 73, ಜಿ 98 ಬಾರಿ. ಭಾಗಗಳನ್ನು ಗುರುತಿಸಲು ವೀಣೆಯ ಪದಗಳೇ ಸಾಕು: ಉದ್ದನೆಯ ಕೈಯೇ ದಂಡಿ, ಶ್ರುತಿ ಮಾಡುವ ತಿರುಗಣೆಗಳು ಬಿರಡೆಗಳು, ಬೆರಳಿಡುವ ಲೋಹದ ಸರಿಗಳು ಮೆಟ್ಟಿಲುಗಳು, ಒಡಲಿನ ಮೇಲೆ ತಂತಿಗಳನ್ನು ಹೊರುವುದು ಕುದುರೆ. ಬಿರಡೆಗಳ ಬಳಿ ತಂತಿಗಳು ಕೂರುವ ಗೀರುಗಳುಳ್ಳ ಚಿಕ್ಕ ಪಟ್ಟಿಗೆ ನಟ್ ಎಂದು ಹೆಸರು.

ಕಿರುಅಳತೆ ಎಂದರೇನು?

ನಟ್‌ನಿಂದ ಕುದುರೆಯವರೆಗೆ ತಂತಿಯ ಕಂಪಿಸುವ ಉದ್ದವೇ ವಾದ್ಯದ ಅಳತೆ. 1951ರಲ್ಲಿ ಅಮೆರಿಕದ ಫೆಂಡರ್ ಸಂಸ್ಥೆ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನ ಅಳತೆ 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. ಇಂದಿಗೂ ಅದೇ ರೂಢಿಯ ಅಳತೆ. ಕಿರುಅಳತೆಯದು 30 ಇಂಚು, ಅಂದರೆ 762 ಮಿಲಿಮೀಟರ್. ಮೊದಲನೆಯ ಮೆಟ್ಟಿಲಿನಿಂದ ನಾಲ್ಕನೆಯದಕ್ಕೆ ದೊಡ್ಡ ವಾದ್ಯದಲ್ಲಿ ಸುಮಾರು 130 ಮಿ.ಮೀ. ದೂರವಿದ್ದರೆ ಕಿರುವಾದ್ಯದಲ್ಲಿ ಸುಮಾರು 114 ಮಿ.ಮೀ. ಹನ್ನೊಂದು ವರ್ಷದ ಮಗುವಿನ ಅಂಗೈಗೆ ಆ 16 ಮಿಲಿಮೀಟರ್ ಚಿಕ್ಕ ಸಂಗತಿಯಲ್ಲ.

ಕಿರುಅಳತೆ ಎಂದರೆ ಕಳಪೆ ವಾದ್ಯ ಎಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕೊಂಡ ಹಾಫ್ನರ್ 500/1 ಇದೇ 30 ಇಂಚಿನ ವರ್ಗಕ್ಕೆ ಸೇರಿದ ವಾದ್ಯ. 1972ರಲ್ಲಿ ಲಂಡನ್ನಿನಲ್ಲಿ ಕಳವಾದ ಅದು ಅಟ್ಟವೊಂದರಲ್ಲಿ ಪತ್ತೆಯಾಗಿ ಒಡೆಯನನ್ನು ಮರಳಿ ಸೇರಿದ ಸುದ್ದಿ 2024ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಐವತ್ತು ವರ್ಷ ಕಳೆದಿದ್ದರೂ ಒಂದಿಷ್ಟು ದುರಸ್ತಿ ಮಾಡಿದರೆ ನುಡಿಯಬಲ್ಲ ಸ್ಥಿತಿಯಲ್ಲಿ ಅದು ಇತ್ತು.

ಅಳತೆ ಕಿರಿದಾದಾಗ ಒಂದು ಭೌತಿಕ ಪರಿಣಾಮ ಉಂಟಾಗುತ್ತದೆ. ಒಂದೇ ತಂತಿಯನ್ನು ಒಂದೇ ಶ್ರುತಿಗೆ ಏರಿಸಲು ಬೇಕಾದ ಬಿಗಿತ, ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. 34ರಿಂದ 30 ಇಂಚಿಗೆ ಇಳಿದಾಗ ಬಿಗಿತ ಸುಮಾರು ಶೇಕಡಾ 22ರಷ್ಟು ತಗ್ಗುತ್ತದೆ. ಇದರಿಂದ ಎಳೆಯ ಬೆರಳಿಗೆ ತಂತಿ ಮೃದುವಾಗುತ್ತದೆ. ಆದರೆ ಸಡಿಲವಾದ ತಂತಿ ಹೆಚ್ಚು ಅಗಲವಾಗಿ ತೂಗಿ ಮೆಟ್ಟಿಲುಗಳಿಗೆ ಬಡಿಯುವ ಸಂಭವವೂ ಹೆಚ್ಚು. ಕಿರುವಾದ್ಯವನ್ನು ಹದಗೊಳಿಸುವಾಗ ಇವೆರಡನ್ನೂ ನೆನಪಿನಲ್ಲಿಡಬೇಕು.

ತಂತಿಯ ಆಯ್ಕೆ

ತಂತಿಯ ಪೊಟ್ಟಣದ ಮೇಲೆ 'ಶಾರ್ಟ್ ಸ್ಕೇಲ್' ಎಂದು ಮುದ್ರಿತವಾಗಿರಬೇಕು. ಬೇಸ್ ತಂತಿಯಲ್ಲಿ ಉಕ್ಕಿನ ತಿರುಳಿನ ಸುತ್ತ ಲೋಹದ ಸುರುಳಿ ಇರುತ್ತದೆ. ಬಿರಡೆಗೆ ಸುತ್ತುವ ತುದಿ ಮಾತ್ರ ತೆಳ್ಳಗಿರುತ್ತದೆ. ಉದ್ದನೆಯ ತಂತಿಯನ್ನು ಕತ್ತರಿಸಿ ಕಿರುವಾದ್ಯಕ್ಕೆ ಹಾಕಿದರೆ ಆ ತೆಳು ತುದಿ ಹೋಗಿ, ದಪ್ಪ ಭಾಗವೇ ಬಿರಡೆಗೆ ಸುತ್ತಿಕೊಳ್ಳಬೇಕಾಗುತ್ತದೆ. ಆಗ ಸುರುಳಿ ಸಡಿಲಗೊಂಡು ನಾದ ಸತ್ತುಹೋಗಬಹುದು.

ದಪ್ಪವನ್ನು ಇಂಚಿನ ಸಾವಿರದ ಭಾಗಗಳಲ್ಲಿ ಸೂಚಿಸುತ್ತಾರೆ. 45–105 ಎಂದರೆ ಜಿ ತಂತಿ 0.045 ಇಂಚು, ಇ ತಂತಿ 0.105 ಇಂಚು. ಕಿರುವಾದ್ಯದಲ್ಲಿ ಬಿಗಿತ ತಗ್ಗುವುದರಿಂದ ಇದಕ್ಕಿಂತ ತೀರಾ ತೆಳುವಾದ ತಂತಿಗಳು ಜೋಲು ಬೀಳುತ್ತವೆ. ಸುರುಳಿ ದುಂಡಾಗಿದ್ದರೆ ನಾದ ಪ್ರಖರ, ಬೆರಳಿಗೆ ಒರಟು. ಚಪ್ಪಟೆ ಸುರುಳಿಯದಾದರೆ ನಾದ ಮೃದು, ಬೆರಳಿಗೂ ನುಣುಪು, ಬೆಲೆ ಹೆಚ್ಚು; ಆದರೆ ವರ್ಷಗಟ್ಟಲೆ ಬಾಳುತ್ತದೆ.

ಮನೆಯಲ್ಲಿರುವ ವೀಣೆಯ ಅಥವಾ ತಂಬೂರಿಯ ಹಿತ್ತಾಳೆ ತಂತಿಯನ್ನು ಇದಕ್ಕೆ ಕಟ್ಟಬಾರದು. ಬೇಸ್ ಗಿಟಾರ್‌ನ ಪಿಕಪ್ ಅಯಸ್ಕಾಂತದ ಮೇಲೆ ತಾಮ್ರದ ತಂತಿ ಸುತ್ತಿದ ಸಾಧನ. ಅಯಸ್ಕಾಂತಕ್ಕೆ ಸ್ಪಂದಿಸುವ ಲೋಹ ಅದರ ಮೇಲೆ ಕಂಪಿಸಿದಾಗ ಮಾತ್ರ ವಿದ್ಯುತ್ ಸಂಕೇತ ಹುಟ್ಟುತ್ತದೆ. ಹಿತ್ತಾಳೆಗೆ ಆ ಗುಣವಿಲ್ಲ.

ಕಳಚುವ ಮುನ್ನ

ಬೇಕಾದ ಸಲಕರಣೆಗಳು ಇವು: ತಂತಿ ಕತ್ತರಿಸುವ ಗಟ್ಟಿ ಕಟಿಂಗ್ ಪ್ಲೇಯರ್, ವಾದ್ಯದೊಡನೆ ಬಂದ ಅಲೆನ್ ಕೀಲಿಗಳು, ಸ್ಕ್ರೂಡ್ರೈವರ್, ಅರ್ಧ ಮಿಲಿಮೀಟರ್ ಗುರುತಿರುವ ಉಕ್ಕಿನ ಅಳತೆಪಟ್ಟಿ, ಒಣ ಹತ್ತಿಬಟ್ಟೆ ಮತ್ತು ಶ್ರುತಿ ತೋರಿಸುವ ಟ್ಯೂನರ್. ಟ್ಯೂನರ್ ಇಲ್ಲದಿದ್ದರೆ ಮೊಬೈಲಿನ ಉಚಿತ ಆ್ಯಪ್ ಸಾಕು. ತೀರಾ ತಗ್ಗಿನ ಇ ಸ್ವರವನ್ನು ಮೊಬೈಲಿನ ಮೈಕ್ ಗ್ರಹಿಸದಿದ್ದರೆ, ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿ, ಆ ತಾರಸ್ವರವನ್ನು ನೋಡಬಹುದು.

ಮೊದಲು ವಾದ್ಯದ ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಬೇಕು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ಪ್ರತಿ ತಂತಿಯ ಎತ್ತರವೆಷ್ಟು, ಕುದುರೆ ಎಲ್ಲಿದೆ, ತಂತಿಗಳು ಬಿರಡೆಗೆ ಯಾವ ದಿಕ್ಕಿನಲ್ಲಿ ಸುತ್ತಿವೆ ಎಂಬುದನ್ನು ಮಗುವಿನ ಕೈಯಿಂದಲೇ ನೋಟ್‌ಪುಸ್ತಕದಲ್ಲಿ ಬರೆಸಿ, ಎರಡು ಚಿತ್ರಗಳನ್ನೂ ತೆಗೆದಿಡುವುದು ಒಳ್ಳೆಯದು. ಮುಂದೆ ಏನಾದರೂ ಎಡವಟ್ಟಾದರೆ ಮೊದಲಿನ ಸ್ಥಿತಿಗೆ ಮರಳಲು ಆ ಪುಟವೇ ದಾರಿ.

ತಂತಿ ಬದಲಾವಣೆ

ನಾಲ್ಕೂ ತಂತಿಗಳನ್ನು ಒಮ್ಮೆಗೇ ಕಳಚದೆ ಒಂದೊಂದನ್ನಾಗಿ ಬದಲಾಯಿಸುವುದು ಕ್ಷೇಮ. ಶ್ರುತಿಯಲ್ಲಿರುವ ನಾಲ್ಕು ತಂತಿಗಳು ಒಟ್ಟಾಗಿ ದಂಡಿಯನ್ನು ಎಳೆಯುವ ಬಲ ಕಿರುವಾದ್ಯದಲ್ಲಿಯೂ ಅರವತ್ತು ಕಿಲೋಗ್ರಾಂ ಆಸುಪಾಸಿನದು, ಅಂದರೆ ಎರಡು ಅಕ್ಕಿ ಮೂಟೆಗಳ ಭಾರಕ್ಕಿಂತ ಹೆಚ್ಚು. ಅದನ್ನು ಒಂದೇ ಸಲ ತೆಗೆದರೆ ದಂಡಿ ಹಿಂದಕ್ಕೆ ಸರಿದು ಮತ್ತೆ ನೆಲೆಗೊಳ್ಳಲು ಕಾಲ ಬೇಕಾಗುತ್ತದೆ. ಹಾಫ್ನರ್ ಮಾದರಿಯ ವಾದ್ಯಗಳಲ್ಲಂತೂ ಕುದುರೆಯನ್ನು ಒಡಲಿಗೆ ಬಿಗಿದಿರುವುದಿಲ್ಲ; ತಂತಿಗಳ ಒತ್ತಡದಿಂದಲೇ ಅದು ನಿಂತಿರುತ್ತದೆ. ಎಲ್ಲ ತಂತಿಗಳೂ ಸಡಿಲಗೊಂಡರೆ ಅದು ಜಾರಿ ಬೀಳುತ್ತದೆ.

ಹಳೆಯ ತಂತಿಯನ್ನು ಬಿರಡೆ ತಿರುಗಿಸಿ ಪೂರ್ತಿ ಸಡಿಲಿಸಿದ ಮೇಲೆಯೇ ಕತ್ತರಿಸಬೇಕು. ಬಿಗಿಯಾಗಿರುವಾಗ ಕತ್ತರಿಸಿದರೆ ತುದಿ ಚಾಟಿಯಂತೆ ಚಿಮ್ಮಿ ಕಣ್ಣಿಗೆ ಅಪಾಯ ತರಬಹುದು. ಕತ್ತರಿಸಿದ ತುಂಡುಗಳನ್ನು ನೆಲದ ಮೇಲೆ ಬಿಡದೆ ಕಾಗದದಲ್ಲಿ ಕಟ್ಟಿ ಎಸೆಯಬೇಕು. ಬರಿಗಾಲಿನಲ್ಲಿ ಓಡಾಡುವ ಮನೆಯಲ್ಲಿ ಅದು ಸೂಜಿಗೆ ಸಮಾನ. ತಂತಿ ಹೋದ ಜಾಗದಲ್ಲಿ ಮೆಟ್ಟಿಲುಗಳ ನಡುವಿನ ಕೊಳೆಯನ್ನು ಒಣಬಟ್ಟೆಯಿಂದ ಒರೆಸಬೇಕು.

ಹೊಸ ತಂತಿಯನ್ನು ಕುದುರೆಯ ಕಡೆಯಿಂದ ಪೋಣಿಸಿ, ಹಿತ್ತಾಳೆ ಗುಂಡು ಭದ್ರವಾಗಿ ಕುಳಿತುಕೊಳ್ಳುವವರೆಗೆ ಎಳೆದು, ನಟ್‌ನ ಗೀರಿನ ಮೇಲಿಂದ ಬಿರಡೆಯವರೆಗೆ ನೇರವಾಗಿ ತರಬೇಕು. ಬಿರಡೆಯನ್ನು ದಾಟಿ ಸುಮಾರು 10ರಿಂದ 12 ಸೆಂಟಿಮೀಟರ್ ಹೆಚ್ಚು ಉಳಿಸಿ, ಅಲ್ಲಿ ತಂತಿಯನ್ನು ಮೊದಲು ಸಮಕೋನಕ್ಕೆ ಮಡಿಚಿ, ಮಡಿಕೆಯ ಆಚೆಗೆ ಕತ್ತರಿಸಬೇಕು. ಮಡಿಚುವ ಮುನ್ನವೇ ಕತ್ತರಿಸಿದರೆ ಹೊರಸುರುಳಿ ತಿರುಳಿನಿಂದ ಬಿಚ್ಚಿಕೊಂಡು ಹೊಸ ತಂತಿ ಹಾಳಾಗುತ್ತದೆ. ಅವಸರದಲ್ಲಿ ಹೆಚ್ಚಾಗಿ ಆಗುವ ನಷ್ಟ ಇದೇ.

ತುದಿಯನ್ನು ಬಿರಡೆಯ ನಡುವಿನ ರಂಧ್ರಕ್ಕೆ ಇಳಿಸಿ, ಮಡಿಕೆಯನ್ನು ಸೀಳಿನಲ್ಲಿ ಕೂರಿಸಿ, ಸುತ್ತುಗಳು ಒಂದರ ಕೆಳಗೊಂದು ಬರುವಂತೆ ತಿರುಗಿಸಬೇಕು. ಎರಡು ಮೂರು ಸುತ್ತು ಸಾಕು. ಸುತ್ತುತ್ತಿರುವಾಗ ತಂತಿಯ ಮೈ ತಿರುಚಿಕೊಳ್ಳದಂತೆ ನೋಡಿಕೊಳ್ಳಬೇಕು. ಶ್ರುತಿಗೆ ಬಂದ ಮೇಲೆ, ತಂತಿ ನಟ್ ಮತ್ತು ಕುದುರೆಯನ್ನು ದಾಟುವ ಎಡೆಗಳಲ್ಲಿ ಬೆರಳಿನಿಂದ ಮೆಲ್ಲಗೆ ಒತ್ತಿ ಕಮಾನಿನಂತೆ ಬಾಗಿರುವುದನ್ನು ನೇರಗೊಳಿಸಬೇಕು. ನಡುವೆ ಹಿಡಿದು ಹಗುರಾಗಿ ಎಳೆದರೆ ಶ್ರುತಿ ಇಳಿಯುತ್ತದೆ, ಮತ್ತೆ ಏರಿಸಬೇಕು. ಇಳಿಯುವುದು ನಿಲ್ಲುವವರೆಗೆ ಇದನ್ನು ಮೂರು ನಾಲ್ಕು ಬಾರಿ ಮಾಡಬೇಕು.

ಹದಗೊಳಿಸುವ ಕ್ರಮ

ಹದಗೊಳಿಸುವುದರಲ್ಲಿ ಕೆಲಸಕ್ಕಿಂತ ಕ್ರಮ ಮುಖ್ಯ. ಮೊದಲು ಹೊಸ ತಂತಿ ಮತ್ತು ಶ್ರುತಿ, ಆಮೇಲೆ ದಂಡಿಯ ಬಾಗು, ನಂತರ ತಂತಿಯ ಎತ್ತರ, ಕೊನೆಗೆ ಸ್ವರಸ್ಥಾನ ಮತ್ತು ಪಿಕಪ್. ಪ್ರತಿ ಹಂತವೂ ಮುಂದಿನದರ ಮೇಲೆ ಪ್ರಭಾವ ಬೀರುವುದರಿಂದ ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಶ್ರುತಿ ಸೇರಿಸಿ, ನುಡಿಸಿ ನೋಡಬೇಕು. ಮೂರು ತಿರುಪುಗಳನ್ನು ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಯಾವ ಫಲ ಬಂತೆಂದು ತಿಳಿಯುವುದಿಲ್ಲ.

ದಂಡಿಯ ಬಾಗು: ದಂಡಿ ಪೂರ್ತಿ ನೇರವಾಗಿರದೆ ಕೂದಲೆಳೆಯಷ್ಟು ಒಳಬಾಗು ಹೊಂದಿರಬೇಕು. ಇ ತಂತಿಯನ್ನು ಮೊದಲನೆಯ ಮೆಟ್ಟಿಲಿನಲ್ಲಿಯೂ ದಂಡಿ ಒಡಲನ್ನು ಸೇರುವ ಮೆಟ್ಟಿಲಿನಲ್ಲಿಯೂ ಒಟ್ಟಿಗೆ ಒತ್ತಿ ಹಿಡಿದರೆ ತಂತಿಯೇ ನೇರ ರೇಖೆಯಾಗುತ್ತದೆ. ಆಗ ಏಳನೆಯ ಅಥವಾ ಎಂಟನೆಯ ಮೆಟ್ಟಿಲಿಗೂ ತಂತಿಗೂ ನಡುವೆ 0.25ರಿಂದ 0.4 ಮಿ.ಮೀ. ಅಂತರವಿರಬೇಕು; ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಹೆಚ್ಚುಕಡಿಮೆ ಅಷ್ಟೇ. ಇದನ್ನು ನಿಯಂತ್ರಿಸುವುದು ದಂಡಿಯೊಳಗೆ ಹುದುಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆ. ಅದರ ತಿರುಪನ್ನು ಎದುರಿನಿಂದ ನೋಡಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಾಗು ಕಡಿಮೆಯಾಗುತ್ತದೆ, ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಹೆಚ್ಚಾಗುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಪ್ರತಿ ಬಾರಿಯೂ ಶ್ರುತಿ ಸೇರಿಸಿ ಮತ್ತೆ ಅಳೆಯಬೇಕು. ತಿರುಪು ಬಿಗಿಯಾಗಿ ಅಲುಗದಿದ್ದರೆ ಬಲಪ್ರಯೋಗ ಮಾಡದೆ ನಿಲ್ಲಿಸಬೇಕು. ಇಡೀ ಕೆಲಸದಲ್ಲಿ ವಾದ್ಯಕ್ಕೆ ಶಾಶ್ವತ ಹಾನಿ ತರಬಲ್ಲ ಹಂತ ಇದು; ಇದನ್ನು ಮಗುವಿಗೆ ಬಿಡದೆ ಹಿರಿಯರೇ ಮಾಡಬೇಕು.

ತಂತಿಯ ಎತ್ತರ: ಹನ್ನೆರಡನೆಯ ಮೆಟ್ಟಿಲಿನ ನೆತ್ತಿಯಿಂದ ತಂತಿಯ ಅಡಿಯವರೆಗೆ ಇ ತಂತಿಗೆ 2ರಿಂದ 2.5 ಮಿ.ಮೀ., ಜಿ ತಂತಿಗೆ 1.5ರಿಂದ 2 ಮಿ.ಮೀ. ಇದ್ದರೆ ಮಗುವಿನ ಬೆರಳಿಗೆ ಹಿತ. ಕುದುರೆಯ ಮೇಲೆ ಪ್ರತಿ ತಂತಿಗೂ ಇರುವ ಸ್ಯಾಡಲ್ ಎಂಬ ಚಿಕ್ಕ ಪೀಠವನ್ನು ಅಲೆನ್ ಕೀಲಿಯಿಂದ ಏರಿಸಿ ಇಳಿಸಬಹುದು. ಎಲ್ಲೋ ಓದಿದ ಅಂಕಿಯನ್ನು ಮುಟ್ಟಿಯೇ ತೀರಬೇಕೆಂಬ ಹಟ ಬೇಡ. ಮೆಲ್ಲಗೆ ಮೀಟುವ ಮಗುವಿಗೆ ತಗ್ಗು, ಬಲವಾಗಿ ಮೀಟುವ ಮಗುವಿಗೆ ತುಸು ಎತ್ತರ ಸರಿಹೋಗುತ್ತದೆ.

ಸ್ವರಸ್ಥಾನ: ತಂತಿಯ ನಟ್ಟನಡುವೆ, ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿದಾಗ ಮೂಲ ಸ್ವರದ ತಾರಸ್ಥಾಯಿ ನುಡಿಯಬೇಕು. ಆದರೆ ಒತ್ತಿದಾಗ ತಂತಿ ಸ್ವಲ್ಪ ಹಿಗ್ಗಿ ಸ್ವರ ಏರುವುದರಿಂದ, ಕುದುರೆಯ ಕಡೆ ಉದ್ದವನ್ನು ತುಸು ಹೆಚ್ಚಿಸಿ ಅದನ್ನು ಸರಿದೂಗಿಸುತ್ತಾರೆ. ಆ ಮೆಟ್ಟಿಲಿನ ಮೇಲೆ ಬೆರಳು ಸೋಕಿಸಿ ಮೀಟಿದ ಸ್ವರವನ್ನೂ ಒತ್ತಿ ಮೀಟಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ಸರಿಸುವ ಮುನ್ನ ತಂತಿಯನ್ನು ಸಡಿಲಿಸಬೇಕು. ಮೇಣದ ಮೇಲೆ ಮೆಟ್ಟಿಲುಗಳನ್ನು ಕೂರಿಸಿ ವೀಣೆಗೆ ಮೇಳ ಕಟ್ಟುವವರು ಮಾಡುವುದೂ ಇದೇ ಸ್ವರಸ್ಥಾನದ ಶೋಧವನ್ನೇ. ಅಲ್ಲಿ ಮೆಟ್ಟಿಲು ಸರಿಯುತ್ತದೆ, ಇಲ್ಲಿ ಕುದುರೆ ಸರಿಯುತ್ತದೆ. ಹಳೆಯ ತಂತಿಯಲ್ಲಿ ಬೆವರು ಮತ್ತು ಕೊಳೆ ಎಲ್ಲೆಡೆ ಸಮವಾಗಿ ಕೂರುವುದಿಲ್ಲವಾದ್ದರಿಂದ ಅದರ ಮೇಲೆ ಸ್ವರಸ್ಥಾನ ಹೊಂದಿಸುವುದು ವ್ಯರ್ಥ.

ಪಿಕಪ್: ಕೊನೆಯ ಮೆಟ್ಟಿಲನ್ನು ಒತ್ತಿ ಹಿಡಿದಾಗ ತಂತಿಗೂ ಪಿಕಪ್‌ಗೂ ನಡುವೆ 2ರಿಂದ 3 ಮಿ.ಮೀ. ಇರಲಿ. ತೀರಾ ಹತ್ತಿರವಾದರೆ ಅಯಸ್ಕಾಂತವೇ ತಂತಿಯನ್ನು ಸೆಳೆದು ಸ್ವರವನ್ನು ಅಲುಗಿಸುತ್ತದೆ. ಕಿರುವಾದ್ಯದ ತಂತಿ ಅಗಲವಾಗಿ ತೂಗುವುದರಿಂದ ಅಂತರ ಸ್ವಲ್ಪ ಹೆಚ್ಚಿದ್ದರೂ ಅಡ್ಡಿಯಿಲ್ಲ.

ಝೇಂಕಾರ ಎಲ್ಲಿಂದ?

ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಹತ್ತಿಯ ಎಳೆಯನ್ನಿಟ್ಟು ಝೇಂಕಾರವನ್ನು ಬೇಕೆಂದೇ ಹುಟ್ಟಿಸುತ್ತಾರೆ. ಅದಕ್ಕೆ ಜೀವಾಳ ಎಂದು ಹೆಸರು. ಬೇಸ್ ಗಿಟಾರ್‌ನಲ್ಲಿ ಮಾತ್ರ ಆ ಸದ್ದು ದೋಷದ ಲಕ್ಷಣ. ಅದು ಎಲ್ಲಿ ಕೇಳುತ್ತದೆ ಎಂಬುದರಿಂದಲೇ ಕಾರಣ ತಿಳಿಯುತ್ತದೆ. ಮೊದಲ ಐದು ಮೆಟ್ಟಿಲುಗಳಲ್ಲಿ ಬಡಿದರೆ ದಂಡಿಗೆ ಬಾಗು ಸಾಲದು. ಹನ್ನೆರಡರ ಆಚೆ ಬಡಿದರೆ ತಂತಿಯ ಎತ್ತರ ಸಾಲದು. ಒತ್ತದೆ ಮೀಟಿದಾಗ ಮಾತ್ರ ಬಡಿದರೆ ನಟ್‌ನ ಗೀರು ಆಳವಾಗಿದೆ. ಒಂದೇ ಒಂದು ಜಾಗದಲ್ಲಿ ಬಡಿದರೆ ಅದರ ಮುಂದಿನ ಮೆಟ್ಟಿಲು ಮೇಲೆದ್ದಿರಬಹುದು. ಮೊದಲ ಎರಡನ್ನು ಮನೆಯಲ್ಲಿಯೇ ಸರಿಪಡಿಸಬಹುದು. ಗೀರು ಅರೆಯುವುದು, ಮೆಟ್ಟಿಲು ತಟ್ಟುವುದು ಕುಶಲಕರ್ಮಿಯ ಕೆಲಸ. ಆತನ ಬಳಿಗೆ ಹೋಗುವಾಗಲೂ ದೋಷ ಯಾವುದೆಂದು ಸ್ಪಷ್ಟವಾಗಿ ಹೇಳಬಲ್ಲವರಿಗೆ ಸಮಯವೂ ಹಣವೂ ಉಳಿಯುತ್ತದೆ.

ಈ ಸೀಮೆಯ ಹವೆಯನ್ನೂ ಗಮನಿಸಬೇಕು. ತೀರ್ಥಮಲೆಯ ಬಂಡೆಗಳು ಕಾಯುವ ಏಪ್ರಿಲ್–ಮೇ ತಿಂಗಳ ಒಣ ಬಿಸಿಲಿಗೂ ಅಕ್ಟೋಬರ್–ನವೆಂಬರ್ ತಿಂಗಳ ಹಿಂಗಾರು ಮಳೆಯ ತೇವಕ್ಕೂ ಮರ ಬೇರೆ ಬೇರೆಯಾಗಿ ವರ್ತಿಸುತ್ತದೆ. ಆದ್ದರಿಂದ ವರ್ಷಕ್ಕೆ ಎರಡು ಬಾರಿ, ಬೇಸಿಗೆ ರಜೆಯಲ್ಲೊಮ್ಮೆ ಮತ್ತು ರಾಜ್ಯೋತ್ಸವದ ತಾಲೀಮಿಗೆ ಮುನ್ನ ಒಮ್ಮೆ, ದಂಡಿಯ ಬಾಗನ್ನು ಅಳೆಯುವುದು ಒಳ್ಳೆಯ ಅಭ್ಯಾಸ. ತಗಡಿನ ಅಥವಾ ಶೀಟಿನ ಮಾಡಿನ ಕೆಳಗೆ, ನಿಲ್ಲಿಸಿದ ಕಾರಿನೊಳಗೆ ವಾದ್ಯವನ್ನು ಬಿಡಬಾರದು.

ವಿದ್ಯುತ್ತಿನ ಎಚ್ಚರಿಕೆ

ಬಹುತೇಕ ಬೇಸ್ ಗಿಟಾರ್‌ಗಳಲ್ಲಿ ಕುದುರೆಯ ಮೂಲಕ ತಂತಿಗಳು ಆಂಪ್ಲಿಫೈಯರಿನ ಭೂಸಂಪರ್ಕಕ್ಕೆ ಸೇರಿರುತ್ತವೆ. ಗುಂಯ್‌ಗುಡುವ ಸದ್ದನ್ನು ತಡೆಯಲು ಆ ವ್ಯವಸ್ಥೆ. ಆದರೆ ವೇದಿಕೆಯ ವೈರಿಂಗ್‌ನಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಅಥವಾ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ನನ್ನು ಕಿತ್ತಿದ್ದರೆ, ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದ ಮಗುವಿಗೆ ವಿದ್ಯುದಾಘಾತವಾಗಬಹುದು. ಶಾಲೆಯ ಕಾರ್ಯಕ್ರಮಕ್ಕೆ ಮುನ್ನ ಎಲೆಕ್ಟ್ರಿಷಿಯನ್ ಒಬ್ಬರಿಂದ ವೇದಿಕೆಯ ಪ್ಲಗ್ಗುಗಳನ್ನು ಪರೀಕ್ಷಿಸುವಂತೆ ಪೋಷಕರು ಕೇಳಿಕೊಳ್ಳುವುದು ಸಂಕೋಚದ ವಿಷಯವಲ್ಲ. ತಂತಿ ಬದಲಾಯಿಸುವಾಗ ಆಂಪ್ಲಿಫೈಯರಿನ ಕೇಬಲ್ ತೆಗೆದಿರಬೇಕು. ಆಂಪ್ಲಿಫೈಯರನ್ನು ಮನೆಯಲ್ಲಿ ಎಂದಿಗೂ ಬಿಚ್ಚಬಾರದು; ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಸಂಗ್ರಹವಾಗಿರಬಹುದು.

ಕೊಳ್ಳುವಾಗ

ದೂರದ ಅಂಗಡಿಯಿಂದ ಅಥವಾ ಆನ್‌ಲೈನಿನಲ್ಲಿ ವಾದ್ಯ ತರಿಸುವ ಕುಟುಂಬಗಳು ಹಿಂದಿರುಗಿಸುವ ಗಡುವಿನೊಳಗೇ ಮೇಲಿನ ಅಳತೆಗಳನ್ನು ಮಾಡಿ ಮುಗಿಸಬೇಕು. ದಂಡಿ ತಿರುಚಿದ್ದರೆ, ಟ್ರಸ್ ರಾಡ್ ತಿರುಗದಿದ್ದರೆ, ಸ್ಯಾಡಲನ್ನು ಎಷ್ಟು ಸರಿಸಿದರೂ ಸ್ವರಸ್ಥಾನ ಸೇರದಿದ್ದರೆ ಅದು ಹದಗೊಳಿಸಿ ಸರಿಮಾಡುವ ಕೊರತೆಯಲ್ಲ, ವಸ್ತುವಿನ ದೋಷ. ಬಿಲ್ಲು, ವಾರಂಟಿ ಪತ್ರ ಮತ್ತು ಚಿತ್ರಗಳನ್ನು ಕಾಪಾಡಿಕೊಂಡು ಮಾರಾಟಗಾರನಿಗೆ ಲಿಖಿತವಾಗಿ ತಿಳಿಸಬೇಕು. ಪರಿಹಾರ ಸಿಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರನ್ನು ಮಾರಾಟಗಾರನ ಊರಿಗೆ ಹೋಗಿ ಸಲ್ಲಿಸಬೇಕಾಗಿಲ್ಲ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷದೊಳಗೆ ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ.

ಅಂತಹ ಸಂದರ್ಭಗಳು ವಿರಳ. ಬಹುತೇಕ ವಾದ್ಯಗಳಿಗೆ ಬೇಕಾಗಿರುವುದು ಹೊಸ ತಂತಿ, ಕಾಲು ಸುತ್ತು ತಿರುಪು, ಒಂದು ಮಿಲಿಮೀಟರ್ ಇಳಿತ, ಇಷ್ಟೇ. ಅಟ್ಟದ ಮೇಲೆ ವಾದ್ಯವಿರುವ ಮನೆಯವರು ಈ ಭಾನುವಾರ ಅದನ್ನು ಕೆಳಗಿಳಿಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಹನ್ನೆರಡನೆಯ ಮೆಟ್ಟಿಲಿನ ಮೇಲೆ ಅಳತೆಪಟ್ಟಿಯನ್ನಿಟ್ಟು ನೋಡಲಿ. ಅಲ್ಲಿ 4 ಮಿಲಿಮೀಟರ್ ಕಂಡರೆ, "ತಪ್ಪು ನಿನ್ನದಾಗಿರಲಿಲ್ಲ, ಮಗೂ" ಎಂದು ಮೊದಲು ಹೇಳಬೇಕು. ತಂತಿಯನ್ನು ಬದಲಾಯಿಸುವ ಕೆಲಸ ಅದಾದ ಮೇಲೆ.